ಕೀಲಿನ ಊತ ಇಳಿದರೆ ರಕ್ತನಾಳದ ಉರಿಯೂತವೂ ಇಳಿಯಿತೇ?

ರುಮಟಾಯ್ಡ್ ಸಂಧಿವಾತವನ್ನು ಬರಿಯ ಕೀಲುನೋವೆಂದು ತಿಳಿಯುವುದು ಸರಿಯಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗುವ ರೋಗವಿದು. ಉರಿಯೂತ ಧಮನಿಗಳ ಭಿತ್ತಿಯಲ್ಲೂ ಇರಬಹುದು. ಈ ರೋಗಿಗಳಲ್ಲಿ ಹೃದಯ ಹಾಗೂ ರಕ್ತನಾಳಗಳ ಕಾಯಿಲೆಯಿಂದ ಸಾವಿನ ಸಂಭವ ಇತರರಿಗಿಂತ ಸುಮಾರು ಒಂದೂವರೆ ಪಟ್ಟು. ಬೆರಳಿನ ಗೆಣ್ಣು ಊದಿದರೆ ಕಣ್ಣಿಗೆ ಕಾಣುತ್ತದೆ. ಮಹಾಧಮನಿಯ ಉರಿಯೂತವನ್ನು ಕಾಣುವುದು ಹೇಗೆ?

ಇಲ್ಲಿ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಉರಿಯೂತವಿರುವಲ್ಲಿ ಸೇರುವ ಬಿಳಿ ರಕ್ತಕಣಗಳು ಹೆಚ್ಚು ಗ್ಲೂಕೋಸ್ ಬಳಸುತ್ತವೆ. ವಿಕಿರಣಪಟು ಫ್ಲೋರೀನ್-18 ಜೋಡಿಸಿದ ಗ್ಲೂಕೋಸ್‌ನಂಥ ವಸ್ತುವನ್ನು ರಕ್ತಕ್ಕೆ ಚುಚ್ಚಿದರೆ, ಅದು ಆ ಕೋಶಗಳನ್ನು ಸೇರಿ ಅಲ್ಲೇ ಉಳಿಯುತ್ತದೆ. ಫ್ಲೋರೀನ್ ಹೊರಸೂಸುವ ಪಾಸಿಟ್ರಾನ್ ಸಮೀಪದ ಎಲೆಕ್ಟ್ರಾನನ್ನು ಕೂಡಿದಾಗ ಎರಡೂ ಅಳಿದು, 511 ಕಿಲೋಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎರಡು ಗಾಮಾ ಫೋಟಾನ್‌ಗಳು ಹೆಚ್ಚುಕಡಿಮೆ ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ. ಸುತ್ತಲಿನ ಶೋಧಕಗಳು ಇಂಥ ಜೋಡಿಗಳನ್ನು ಗುರುತಿಸಿದರೆ, ಗಣಕಯಂತ್ರ ಅವುಗಳ ಮೂಲವನ್ನು ಚಿತ್ರಿಸುತ್ತದೆ. ಇದೇ ಪೆಟ್ ಸ್ಕ್ಯಾನ್.

ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ 'ಟಾರ್ಗೆಟ್' ಅಧ್ಯಯನ ಈ ವಿಧಾನವನ್ನು ಬಳಸಿತು. ಮೆಥೊಟ್ರೆಕ್ಸೇಟ್ ಒಂದರಿಂದಲೇ ಹತೋಟಿಗೆ ಬಾರದ ರೋಗಿಗಳಲ್ಲಿ ಕೆಲವರಿಗೆ ದುಬಾರಿ ಟಿಎನ್ಎಫ್ ನಿರೋಧಕವನ್ನೂ, ಉಳಿದವರಿಗೆ ಸಲ್ಫಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗಳನ್ನೂ ಜೊತೆಗೆ ಕೊಡಲಾಯಿತು. 24 ವಾರಗಳ ಬಳಿಕ ಧಮನಿಯ ಉರಿಯೂತ ಎರಡೂ ಗುಂಪುಗಳಲ್ಲಿ ಸುಮಾರು ಶೇ. 8ರಷ್ಟು ತಗ್ಗಿತ್ತು, ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಗಮನಾರ್ಹ ಸಂಗತಿಯೆಂದರೆ, ಕೀಲುಗಳು ಎಷ್ಟು ಸುಧಾರಿಸಿದವು ಎಂಬುದಕ್ಕೂ ಧಮನಿಯ ಬದಲಾವಣೆಗೂ ಸಂಬಂಧ ಕಾಣಲಿಲ್ಲ. ಚಿಕಿತ್ಸೆ ಹೆಚ್ಚಿಸದ ಗುಂಪು ಅಧ್ಯಯನದಲ್ಲಿ ಇರದ ಕಾರಣ, ಇಳಿಕೆಯೆಲ್ಲವೂ ಔಷಧದಿಂದಲೇ ಎನ್ನಲಾಗದು.

ಹೊಸಪೇಟೆಯ ರೋಗಿಗೆ ಈ ಪರೀಕ್ಷೆ ಎಷ್ಟು ಸುಲಭ? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಫ್ಲೋರೀನ್-18ರ ಅರ್ಧಾಯು ಸುಮಾರು 110 ನಿಮಿಷ. ಬೆಂಗಳೂರಿನ ಸೈಕ್ಲೋಟ್ರಾನ್‌ನಲ್ಲಿ ತಯಾರಾದ ದ್ರಾವಣ ರಸ್ತೆಯಲ್ಲಿ 6 ಗಂಟೆ ಸಾಗಿ ಬಂತು ಎಂದುಕೊಳ್ಳೋಣ. 360 ನಿಮಿಷವೆಂದರೆ ಸುಮಾರು 3.3 ಅರ್ಧಾಯು, ಉಳಿಯುವುದು ಹತ್ತರಲ್ಲಿ ಒಂದು ಪಾಲು ಮಾತ್ರ! ಜೊತೆಗೆ ಖರ್ಚು ಹೆಚ್ಚು, ವಿಕಿರಣವೂ ಉಂಟು. ಆದ್ದರಿಂದ ಸಂಧಿವಾತದಲ್ಲಿ ಇದು ಮುಖ್ಯವಾಗಿ ಸಂಶೋಧನೆಯ ಸಾಧನವೇ ಹೊರತು ನಿತ್ಯದ ತಪಾಸಣೆಯಲ್ಲ.

ಆದರೆ ಅದು ಕಲಿಸಿದ ಪಾಠಕ್ಕೆ ಯಂತ್ರ ಬೇಕಿಲ್ಲ. ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವವರಾಗಲಿ, ಸಂಡೂರಿನ ಗಣಿ ಕಾರ್ಮಿಕರಾಗಲಿ, ಹಂಪಿಯಲ್ಲಿ ಪ್ರವಾಸಿಗರಿಗೆ ದಾರಿ ತೋರುವವರಾಗಲಿ, ಬೆಳಗ್ಗೆ ಗಂಟೆಗೂ ಮೀರಿ ಕೈಬೆರಳು ಬಿಗಿದಿದ್ದು ಊತ ವಾರಗಟ್ಟಲೆ ಉಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನೋವು ತಗ್ಗಿತೆಂದು ತಾವಾಗಿ ಔಷಧ ನಿಲ್ಲಿಸಬಾರದು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು. ಬೀಡಿ, ಸಿಗರೇಟು ಬಿಡಬೇಕು. ಕೀಲು ಸುಮ್ಮನಾದ ಮಾತ್ರಕ್ಕೆ ಹೃದಯಕ್ಕೆ ಅಪಾಯವಿಲ್ಲ ಎಂದು ಭಾವಿಸುವಂತಿಲ್ಲ.