ಚಳಿಗಾಲದ ಕೋಳಿಮರಿ ಮತ್ತು ಗೂಡಿಗೆ ಬರುವ ನೆಂಟರು

"ಪುನುಗಿನ ಬೆಕ್ಕು ಬಂದು ಮರಿಗಳನ್ನೆಲ್ಲ ಕೊಂದು ಹೋಯಿತು, ಏನಾದರೂ ಉಪಾಯ ಹೇಳಿ" ಎಂದು ಪ್ರತಿ ಚಳಿಗಾಲದಲ್ಲಿಯೂ ಸದಸ್ಯರೊಬ್ಬರಾದರೂ ಸಂಘದ ಕಚೇರಿಗೆ ಬರುವುದುಂಟು. ಅಂಥವರಿಗೆ ನಾವು ಈಗ ಕೇಳುವ ಮೊದಲ ಪ್ರಶ್ನೆ, "ಆ ರಾತ್ರಿ ಕರೆಂಟು ಇತ್ತೇ?" ಎಂಬುದು. ಬಂದವರು ನಮ್ಮ ಮುಖವನ್ನು ವಿಚಿತ್ರವಾಗಿ ನೋಡುತ್ತಾರೆ. ಈ ಪ್ರಶ್ನೆಯನ್ನು ಕಲಿಯಲು ನಾವು ತೆತ್ತ ಬೆಲೆ 31 ಮರಿ ಹಾಗೂ ಒಂದು ಬೆಕ್ಕು.

2019ರ ಡಿಸೆಂಬರ್ ತಿಂಗಳ ಮಾತು. ಏಪ್ರಿಲ್-ಮೇ ತಿಂಗಳ ಮದುವೆ, ಜಾತ್ರೆಗಳ ಗಿರಾಕಿ ಬೇಕಾದರೆ ಮರಿಗಳು ಡಿಸೆಂಬರಿನಲ್ಲೇ ಬರಬೇಕೆಂದು ಲೆಕ್ಕ ಹಾಕಿ ಗಿರಿರಾಜ ತಳಿಯ 50 ಮರಿಗಳನ್ನು ತಂದಿದ್ದೆವು. ಲೆಕ್ಕವೇನೋ ಸರಿ. ಆದರೆ ಅದೇ ತಿಂಗಳು ಕಾಫಿ ಹಣ್ಣಿನ ಕೊಯ್ಲು, ಅದೇ ತಿಂಗಳು ಅಡಿಕೆ ಕೊನೆ ಇಳಿಸುವುದು, ರಾತ್ರಿ ಸುಲಿಯುವುದು. ಮನೆಯವರೆಲ್ಲ ಕಣ ಮತ್ತು ಒಲೆಯ ನಡುವೆ ಓಡಾಡಿ ರಾತ್ರಿ ಹಾಸಿಗೆಗೆ ಬಿದ್ದರೆ ಬೆಳಗಿನವರೆಗೆ ಎಚ್ಚರವಿಲ್ಲ. ಮಲೆನಾಡಿನಲ್ಲಿ ಮರಿ ಸಾಯುವ ಕಾಲವೂ ಮನುಷ್ಯರಿಗೆ ಪುರಸೊತ್ತಿಲ್ಲದ ಕಾಲವೂ ಒಂದೇ ಆಗಿರುವುದು ನಮ್ಮ ದೊಡ್ಡ ತೊಡಕು.

ಮರಿಗಳಿಗೆ ಆರು ದಿನವಾಗಿತ್ತು. ರಾತ್ರಿ ಹತ್ತರ ಸುಮಾರಿಗೆ ಕರೆಂಟು ಹೋಯಿತು. ಬಂದೀತು ಎಂದು ಮಲಗಿದೆವು. ಬೆಳಿಗ್ಗೆ ನೋಡಿದರೆ 31 ಮರಿ ಸತ್ತಿದ್ದವು. ಆರು ಮರಿಗಳಿಗೆ ಕಾಲಿಲ್ಲ, ಕೆಲವಕ್ಕೆ ಹೊಟ್ಟೆಯಿಲ್ಲ. ಮೇಲೆ ಒಂದು ಹಂಚು ಸರಿದಿತ್ತು. ಪುನುಗಿನ ಬೆಕ್ಕು ಎಂದು ತೀರ್ಮಾನಿಸಲು ನಮಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಕಬ್ಬಿಣದ ಹಲ್ಲಿನ ಬೋನನ್ನು ಇಳಿಸಿ, ಎಣ್ಣೆ ಹಾಕಿ, ಗೂಡಿನ ಹಿಂದೆ ಇಟ್ಟೆವು. ಪದವಿ ಪಡೆದು, ಸಂಘದ ಕಾರ್ಯದರ್ಶಿಯೆನಿಸಿಕೊಂಡು ನಾವು ಮಾಡಿದ ಕೆಲಸ ಇದು. ಮೂರನೆಯ ರಾತ್ರಿ ಬೋನಿಗೆ ಬಿದ್ದದ್ದು ನಮ್ಮ ಮನೆಯ ಬೆಕ್ಕು. ಏಳು ವರ್ಷದಿಂದ ಅಡಿಕೆ ಉಗ್ರಾಣದ ಇಲಿ ಕಾಯುತ್ತಿದ್ದ ಪ್ರಾಣಿ. ಅದು ಉಳಿಯಲಿಲ್ಲ.

ಅಷ್ಟರಲ್ಲಿ ತಾಲ್ಲೂಕಿನ ಪಶುವೈದ್ಯರು ನಾಲ್ಕು ಸತ್ತ ಮರಿಗಳನ್ನು ಕೊಯ್ದು ನೋಡಿ ಸತ್ಯ ಹೇಳಿದ್ದರು. ಹೆಚ್ಚಿನ ಮರಿಗಳ ಮೈಮೇಲೆ ಗಾಯವೇ ಇರಲಿಲ್ಲ. ಕಡಿದಿದ್ದ ಜಾಗದಲ್ಲಿಯೂ ರಕ್ತ ಒಸರಿರಲಿಲ್ಲ, ಅಂದರೆ ಕಡಿದದ್ದು ಸತ್ತ ಮೇಲೆ. ಚಳಿಗೆ ಮರಿಗಳು ಮೂಲೆಗೆ ಸೇರಿ ಒಂದರ ಮೇಲೊಂದು ಹತ್ತಿವೆ, ಕೆಳಗಿನವು ಉಸಿರುಕಟ್ಟಿ ಸತ್ತಿವೆ. ಸತ್ತದ್ದನ್ನು ಎಳೆದಾಡಿದ್ದು ಹೆಗ್ಗಣ. ಹಂಚು ಸರಿದದ್ದು ಯಾವಾಗಲೋ, ನಾವು ಅಂದು ನೋಡಿದೆವು ಅಷ್ಟೆ.

ಮೊಟ್ಟೆಯೊಡೆದು ಬಂದ ಮರಿಗೆ ತನ್ನ ಮೈಯ ಕಾವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ; ನಯವಾದ ತುಪ್ಪುಳ ಹೋಗಿ ಗರಿ ಬರುವವರೆಗೆ ಹೊರಗಿನ ಶಾಖವೇ ಗತಿ. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಹೊರಗೆ ರಾತ್ರಿ 12-13 ಡಿಗ್ರಿಗೆ ಇಳಿಯುವ ನಮ್ಮ ಕಡೆ ಇದು ಸಣ್ಣ ಅಂತರವಲ್ಲ. ಉಷ್ಣಮಾಪಕ ಇಲ್ಲದಿದ್ದರೆ ಮರಿಗಳನ್ನೇ ನೋಡಿರಿ. ದೀಪದ ಕೆಳಗೆ ಒತ್ತೊತ್ತಾಗಿ ನಿಂತು ಕಿರುಚುತ್ತಿದ್ದರೆ ಚಳಿ. ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ. ಎಲ್ಲೆಡೆ ಹರಡಿ ಮಲಗಿದ್ದರೆ ನೀವೂ ಹೋಗಿ ಮಲಗಬಹುದು.

ಮರಿಯೊಂದಕ್ಕೆ 2 ವ್ಯಾಟ್ ಎಂಬುದು ರೂಢಿಯ ಲೆಕ್ಕ, ನಮ್ಮ ಚಳಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕು. ಒಂದು ಎಚ್ಚರಿಕೆ: ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಹಳೆಯ ತಂತಿಯ ಬಲ್ಬು ಅಥವಾ ಕೋಳಿಗೆಂದೇ ಬರುವ ಕೆಂಪು ಶಾಖದ ಬಲ್ಬನ್ನು ಕೇಳಿ ಪಡೆಯಿರಿ. ಅದನ್ನು ವಿದ್ಯುತ್ ತಂತಿಯಿಂದಲೇ ನೇತುಹಾಕದೆ ಸರಪಣಿ ಕಟ್ಟಿ ಹಾಕಬೇಕು. ಭತ್ತದ ಹೊಟ್ಟಿನ ಮೇಲೆ ಬಿಸಿ ಬಲ್ಬು ಬಿದ್ದರೆ ಮರಿಯೊಂದೇ ಅಲ್ಲ, ಕೊಟ್ಟಿಗೆಯೂ ಹೋಗುತ್ತದೆ.

ಮೂಲೆಯೇ ಯಮನಾದ್ದರಿಂದ ಮೂಲೆಯಿಲ್ಲದಂತೆ ಮಾಡುವುದು ಮುಖ್ಯ. ಒಂದೂವರೆ ಅಡಿ ಎತ್ತರದ ತಗಡು ಅಥವಾ ರಟ್ಟನ್ನು ದುಂಡಗೆ ಸುತ್ತಿ ಅದರೊಳಗೆ ಮರಿ ಬಿಡಬೇಕು. ನಾವು ಅಡಿಕೆ ಹಾಳೆಗಳನ್ನು ಹೊಲಿದು ಸುತ್ತಿದ್ದೇವೆ, ದುಡ್ಡಿಲ್ಲದ ಕೆಲಸ. ಕರೆಂಟು ಹೋದಾಗ ಏನು ಎಂಬುದಕ್ಕೆ ನಮ್ಮ ಮನೆಯವರು ಕಂಡುಕೊಂಡ ದಾರಿ ಬಚ್ಚಲ ಹಂಡೆ. ಬಿಸಿನೀರನ್ನು ಬಾಟಲಿಗಳಿಗೆ ತುಂಬಿ, ಗೋಣಿ ಸುತ್ತಿ, ಮರಿಗಳ ನಡುವೆ ಮಲಗಿಸುವುದು. ಮೂರು ಗಂಟೆಗೊಮ್ಮೆ ಬದಲಿಸಬೇಕು. ಅದಕ್ಕೆ ಅಲಾರಾಂ ಇಟ್ಟು ಮನೆಯವರು ಸರದಿಯ ಮೇಲೆ ಏಳುತ್ತೇವೆ. ಗಂಡಸರ ಸರದಿ ಹೇಗೋ ತಪ್ಪಿಹೋಗುತ್ತದೆ ಎಂಬ ದೂರು ಮನೆಯಲ್ಲಿದೆ. ಕೆಂಡದ ಮಡಕೆಯನ್ನು ಮುಚ್ಚಿದ ಗೂಡಿನಲ್ಲಿ ಮಾತ್ರ ಇಡಬೇಡಿ. ಅದರಿಂದ ಹೊರಡುವ ವಾಸನೆಯಿಲ್ಲದ ವಿಷಗಾಳಿ ಚಳಿಗಿಂತ ಬೇಗ ಕೊಲ್ಲುತ್ತದೆ. ಚಳಿಯೆಂದು ಗೋಣಿಚೀಲ ಕಟ್ಟುವವರು ಕೆಳಗಿನ ಎರಡು ಅಡಿ ಕಟ್ಟಲಿ, ಮೇಲುಗಡೆ ಗಾಳಿ ಆಡಲಿ. ಪೂರ್ತಿ ಮುಚ್ಚಿದರೆ ಹಿಕ್ಕೆಯ ಘಾಟು ಕಣ್ಣಿಗೆ ಹೊಡೆಯುತ್ತದೆ, ಹಾಸು ಒದ್ದೆಯಾಗಿ ರಕ್ತಭೇದಿ ಬರುತ್ತದೆ. ಕೊಕ್ಕರೆ ರೋಗದ ಲಸಿಕೆಯನ್ನು ಮೊದಲ ವಾರದಲ್ಲೇ ಹಾಕಿಸುವುದನ್ನು ಸದಸ್ಯರಿಗೆ ಮತ್ತೆ ಹೇಳಬೇಕಾಗಿಲ್ಲ.

ಹಾಗಾದರೆ ಕಾಡುಪ್ರಾಣಿಗಳು ನಿರಪರಾಧಿಗಳೇ? ಇಲ್ಲ. ಆದರೆ ಯಾರು ಬಂದಿದ್ದರು ಎಂದು ತಿಳಿಯದೆ ದಂಡಿಸಲು ಹೊರಡಬಾರದು. ಗುರುತೇ ಇಲ್ಲದೆ ಒಂದೆರಡು ಮರಿ ಮಾಯವಾದರೆ ಹಾವನ್ನು ನೆನೆಯಿರಿ. ಅದು ಇಡಿಯಾಗಿ ನುಂಗುತ್ತದೆ. ಸಂದಿಯ ಬಳಿಗೆ ಎಳೆದು ಕಾಲು ಕಡಿದಿದ್ದರೆ ಇಲಿ, ಹೆಗ್ಗಣ. ಹಾಡುಹಗಲೇ ಅಂಗಳದಿಂದ ಹೋದರೆ ಮುಂಗುಸಿ ಅಥವಾ ಗಿಡುಗ. ರಾತ್ರಿ ಹಂಚು ಸರಿಸಿ ದೊಡ್ಡ ಕೋಳಿಯನ್ನೇ ಹೊತ್ತರೆ ಪುನುಗಿನ ಬೆಕ್ಕು ಇಲ್ಲವೆ ಕಾಡುಬೆಕ್ಕು ಇರಬಹುದು. ಇವುಗಳಲ್ಲಿ ಮುಂಗುಸಿ, ಪುನುಗಿನ ಬೆಕ್ಕು, ಕಾಡುಬೆಕ್ಕು, ಹೆಬ್ಬಾವು, ನಾಗರ, ಕೇರೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಬೋನು, ಉರುಳು, ವಿಷ, ತಂತಿಗೆ ಕರೆಂಟು ಎಲ್ಲವೂ ಅಪರಾಧ. ನಾವು ಮಾಡಿದ್ದೂ ಅಪರಾಧವೇ.

ಕಾಯಿದೆಯ ಮಾತು ಬಿಟ್ಟರೂ ಲೆಕ್ಕ ನೋಡಿರಿ. ಚೆಲ್ಲಿದ ಮೇವಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕೇರೆಹಾವನ್ನು ಕೊಂದವನ ಉಗ್ರಾಣದಲ್ಲಿ ಮರುವರ್ಷ ಹೆಗ್ಗಣದ ಬಿಲ ಹೆಚ್ಚುತ್ತದೆ. ಸಂಜೆ ಮೇವನ್ನು ಎತ್ತಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಈ ಸಾಲಿನ ಮೊದಲ ಕೊಂಡಿಯೇ ಕಳಚುತ್ತದೆ.

ಉಳಿದದ್ದು ಜಾಲರಿಯ ಕೆಲಸ. ಪೇಟೆಯಲ್ಲಿ ಕೋಳಿಬಲೆಯೆಂದು ಮಾರುವ ಆರು ಮೂಲೆಯ ಕಣ್ಣಿನ ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಹೊರಗಿನವರನ್ನು ತಡೆಯುವುದಿಲ್ಲ. ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿಯೇ ಆಗಬೇಕು. ಅದನ್ನು ನೆಲದೊಳಗೆ ಒಂದು ಅಡಿ ಇಳಿಸಿ, ಅಲ್ಲಿಂದ ಹೊರಗಡೆಗೆ ಒಂದು ಅಡಿ ಮಡಚಿ ಮಣ್ಣು ಮುಚ್ಚಿದರೆ ಬಿಲ ತೋಡುವ ಪ್ರಾಣಿ ಜಾಲರಿಗೆ ತಾಗಿ ಹಿಂದಿರುಗುತ್ತದೆ. ಹಂಚಿನ ಕೆಳಗೂ ಜಾಲರಿ ಹೊಡೆಯಿರಿ. ಬಾಗಿಲ ಕೆಳಗಿನ ಸಂದಿಯನ್ನು ಮರೆಯುವವರೇ ಹೆಚ್ಚು. ಗೂಡಿನೊಳಗೆ ಹಾವು ಕಂಡರೆ ಮಕ್ಕಳನ್ನು ದೂರ ಕಳಿಸಿ, ಒಬ್ಬರು ದೂರದಿಂದ ಕಣ್ಣಿಟ್ಟು, ವಲಯ ಅರಣ್ಯ ಕಚೇರಿಗೆ ತಿಳಿಸುವುದು ಕ್ರಮ.

2020ರ ಡಿಸೆಂಬರಿನಲ್ಲಿ ನಾವು ಮತ್ತೆ 50 ಮರಿ ತಂದೆವು. ಎರಡು ಸತ್ತವು, ಅವು ಬರುವಾಗಲೇ ಬಡಕಲಾಗಿದ್ದವು. ಪುನುಗಿನ ಬೆಕ್ಕು ಈಗಲೂ ಬರುತ್ತದೆ. ತೋಟದ ಬಂಡೆಯ ಮೇಲೆ ಕಾಫಿ ಬೀಜದ ಹಿಕ್ಕೆ ಬಿಟ್ಟು ಹೋಗುತ್ತದೆ. ಬೋನನ್ನು ಗುಜರಿಗೆ ಹಾಕಿದೆವು.

ಬೆಸುಗೆ ಜಾಲರಿಯನ್ನು ಬಿಡಿಯಾಗಿ ಕೊಂಡರೆ ದುಬಾರಿ. ಬೇಕಾದ ಸದಸ್ಯರು ತಮ್ಮ ಗೂಡಿನ ಸುತ್ತಳತೆಯನ್ನು ಅಡಿಗಳಲ್ಲಿ ಬರೆದು ಕಚೇರಿಗೆ ಕೊಟ್ಟರೆ ಸುರುಳಿಗಳನ್ನು ಒಟ್ಟಿಗೆ ತರಿಸಬಹುದು. ಅಳೆಯುವಾಗ ನೆಲದೊಳಗಿನ ಎರಡು ಅಡಿಯನ್ನೂ ಹಂಚಿನ ಕೆಳಗಿನ ಭಾಗವನ್ನೂ ಸೇರಿಸಿಕೊಳ್ಳಿ.