ಟೈರಲ್ಲಿ ಗಾಳಿ ಕಮ್ಮಿ ಆದ್ರೆ ಡೀಸೆಲ್ ಜಾಸ್ತಿ

ಮಳೆಗಾಲದಲ್ಲಿ ದೇವರಮನೆ ಕಡೆಯ ತೋಟದ ಮಣ್ಣು ರಸ್ತೆಗೆ ಜೀಪ್ ಇಳಿಸುವಾಗ ಟೈರಿನ ಗಾಳಿ ಸ್ವಲ್ಪ ಬಿಟ್ಟರೆ ಅನುಕೂಲವೇ. ಟೈರ್ ನೆಲಕ್ಕೆ ಹೆಚ್ಚು ತಾಗುತ್ತೆ, ಕೆಸರಲ್ಲಿ ಹಿಡಿತ ಸಿಗುತ್ತೆ. ತೊಂದರೆ ಇರೋದು ಅದೇ ಗಾಳಿಯಲ್ಲಿ ಮೂಡಿಗೆರೆಗೆ ಡಾಂಬರು ರಸ್ತೆ ಹಿಡಿದಾಗ.

ಗಾಳಿ ಕಮ್ಮಿ ಇರುವ ಟೈರ್ ಪ್ರತಿ ಸುತ್ತಿಗೂ ಹೆಚ್ಚು ಅಮುಕಿ ಏಳುತ್ತೆ. ಆ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತೆ, ಎಂಜಿನ್ ಹೆಚ್ಚು ಡೀಸೆಲ್ ಕುಡಿಯುತ್ತೆ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ ನಾಲ್ಕೂ ಟೈರಲ್ಲಿ ಸರಾಸರಿ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ 0.2ರಷ್ಟು ಕಮ್ಮಿ. 10 ಪಿಎಸ್‌ಐ ಇಳಿದರೆ ಶೇ 2, ಅಂದ್ರೆ 50 ಲೀಟರಿಗೆ ಹೆಚ್ಚುಕಮ್ಮಿ 1 ಲೀಟರ್ ದಂಡ. ಇದಕ್ಕಿಂತ ದೊಡ್ಡ ನಷ್ಟ ಟೈರಿನದು: ಅಂಚು ಬೇಗ ಸವೆಯುತ್ತೆ. ಲೋಡ್ ಹಾಕಿ ವೇಗವಾಗಿ ಓಡಿಸಿದರೆ ಕಾದು ಸಿಡಿಯಲೂಬಹುದು. ಚಾರ್ಮಾಡಿ ಘಾಟಿಯ ತಿರುವಲ್ಲಿ ಹಾಗಾದರೆ ಜೀವಕ್ಕೇ ಅಪಾಯ.

ಎಷ್ಟು ಗಾಳಿ ಬೇಕು? ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್ ಅಥವಾ ಗಾಡಿಯ ಜೊತೆ ಕೊಟ್ಟ ಪುಸ್ತಕ ನೋಡಿ. ಲೋಡ್ ಇದ್ದಾಗಿನ ಅಂಕಿ ಬೇರೆ ಇರುತ್ತೆ. ಟೈರ್ ಮೇಲೆ ಬರೆದಿರೋದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ.

ಬೆಳಗ್ಗೆ ಗಾಡಿ ಓಡಿಸುವ ಮೊದಲೇ, ಟೈರ್ ತಣ್ಣಗಿದ್ದಾಗ ಅಳೆಯಿರಿ. ಉಷ್ಣತೆ 5–6 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತೆ. ಹಾಗಾಗಿ ಮಂಗಳೂರಿನ ಸೆಕೆಯಲ್ಲಿ ಸರಿಯಾಗಿ ತುಂಬಿಸಿದ್ದೂ ನಮ್ಮ ಚಳಿಗೆ ಕಮ್ಮಿ ತೋರಿಸುತ್ತೆ.

ಗಾಡಿಯಲ್ಲಿ ಒಂದು ಗೇಜ್, 12 ವೋಲ್ಟಿನ ಸಣ್ಣ ಪಂಪ್ ಇಟ್ಟುಕೊಳ್ಳಿ. ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿಸಿ, ಫೋರ್ ವೀಲ್ ಲಿವರನ್ನೂ ಟೂ ವೀಲಿಗೆ ಹಾಕಿ.