ತೆಳು ಬಟ್ಟೆಯ ಕೌದಿ, ಅದರ ಲೆಕ್ಕ

ಹಳೆ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದ ಹೊಲಿದ ಹೊದಿಕೆಯೇ ಕೌದಿ. ನಮ್ಮ ಮನೆಯಲ್ಲಿ ಇದಕ್ಕೆ ಗೋದಡಿ ಎನ್ನುತ್ತೇವೆ. ಗಡಿಯಾಚೆ ಮರಾಠಿ ಮಾತಾಡುವವರೂ ಹೆಚ್ಚುಕಡಿಮೆ ಹಾಗೇ ಕರೆಯುತ್ತಾರೆ. ಔರಾದದ ಚಳಿಗಾಲದ ರಾತ್ರಿ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ನನ್ನ ಖಾಲಾ ಅಕ್ಕಪಕ್ಕದವರಿಗೂ ಕೌದಿ ಹೊಲಿದು ಕೊಡುತ್ತಾರೆ. ಬಟ್ಟೆಯ ಗಂಟು ತಂದು ಕೊಡುವುದು ಹೊಲಿಸುವವರ ಕೆಲಸ. ಮೊದಲು ಆ ಗಂಟಿನಲ್ಲಿ ನೂಲಿನ ಸೀರೆ, ಧೋತರ, ಲುಂಗಿಗಳೇ ಹೆಚ್ಚು ಇರುತ್ತಿದ್ದವಂತೆ. ಈಗ ಸವೆದ ಮಲಮಲ್ ಓಢಣಿ, ಜಾರುವ ಪಾಲಿಯೆಸ್ಟರ್ ಸೀರೆ, ದಪ್ಪ ಜೀನ್ಸ್, ಜಗ್ಗಿದ ಟೀ ಶರ್ಟ್ ಎಲ್ಲವೂ ಒಟ್ಟಿಗೆ ಬರುತ್ತವೆ. ಇಂಥದ್ದರಿಂದ ಬಾಳಿಕೆ ಬರುವ ಕೌದಿ ಆಗುತ್ತದೆಯೇ? ಆಗುತ್ತದೆ. ಆದರೆ ಹಳೆ ಬಟ್ಟೆ ಪುಕ್ಕಟೆ ಸಿಕ್ಕಿತೆಂದು ಕೌದಿಯೂ ಅಗ್ಗವಾಗಬೇಕು ಅನ್ನುವ ಲೆಕ್ಕ ಮಾತ್ರ ತಪ್ಪು.

ಮೊದಲು ಎಲ್ಲವನ್ನೂ ಒಗೆದು ಒಣಗಿಸಬೇಕು. ಹೆಚ್ಚು ಉಡದ ನೂಲಿನ ಬಟ್ಟೆ ನೀರು ಬಿದ್ದಾಗ ಕುಗ್ಗುತ್ತದೆ, ಹತ್ತು ವರ್ಷ ಒಗೆದದ್ದು ಕುಗ್ಗುವುದಿಲ್ಲ. ಎರಡನ್ನೂ ಹಾಗೆಯೇ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಕೌದಿ ಸುಕ್ಕುಗಟ್ಟುತ್ತದೆ. ಆಮೇಲೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಬೇಕು, ಎರಡು ಹೆಬ್ಬೆರಳ ನಡುವೆ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಎಳೆಯಬೇಕು. ಚರ್ ಅಂದರೆ ಅದರ ಆಯುಷ್ಯ ಮುಗಿದಿದೆ, ಅದು ಮೇಲ್ಮೈಗೆ ಬರಬಾರದು. ಒಂದೇ ಸೀರೆಯಲ್ಲೂ ನಡುಭಾಗ ಸವೆದಿರುತ್ತದೆ, ಅಂಚಿನ ಕಡೆ ಗಟ್ಟಿ ಇರುತ್ತದೆ. ಹಾಗಾಗಿ ಇಡೀ ಸೀರೆಗೆ ಒಂದೇ ತೀರ್ಪು ಕೊಡುವ ಹಾಗಿಲ್ಲ.

ಗಟ್ಟಿ ಬಟ್ಟೆ ತಳಕ್ಕೆ. ಹರಿದದ್ದು, ಸವೆದದ್ದು ನಡುವಿನ ಪದರಕ್ಕೆ. ನಡುವಿನ ತುಂಡುಗಳನ್ನು ಅಂಚಿಗೆ ಅಂಚು ತಾಗಿಸಿ ಇಟ್ಟರೆ ಸಂದು ಬಿಟ್ಟು ಅಲ್ಲಿ ಚಳಿ ಹೊಗುತ್ತದೆ. ಮನೆಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ನಾಲ್ಕು ಬೆರಳು ಬರಬೇಕು.

ತೆಳು ಬಟ್ಟೆ ಮೇಲೆಯೇ ಬೇಕು ಅನ್ನುವವರೂ ಇರುತ್ತಾರೆ. ತೀರಿಹೋದವರ ಓಢಣಿಯೋ ರುಮಾಲೋ ಆದರೆ ಅದು ಕಣ್ಣಿಗೆ ಕಾಣಬೇಕು ಅನ್ನಿಸುವುದು ಸಹಜ. ಅದಕ್ಕೆ ಅಷ್ಟೇ ಅಳತೆಯ ನೂಲಿನ ತುಂಡನ್ನು ಅಸ್ತರು ಕೊಟ್ಟು, ಕಚ್ಚಾ ಹೊಲಿಗೆ ಹಾಕಿ, ಮುಂದೆ ಎರಡನ್ನೂ ಒಂದೇ ಬಟ್ಟೆ ಎಂದು ಎಣಿಸಬೇಕು. ತೆಳು ಬಟ್ಟೆಯ ಎಳೆ ಬೇಗ ಬಿಚ್ಚಿಕೊಳ್ಳುವುದರಿಂದ ಅಂಚನ್ನು ಸ್ವಲ್ಪ ಅಗಲವಾಗಿ ಒಳಗೆ ಮಡಚಬೇಕು. ಅದರ ಪಕ್ಕದಲ್ಲೇ ಜೀನ್ಸ್ ಇಡಬಾರದು. ಎಳೆತ ಬಿದ್ದಾಗ ಗಟ್ಟಿಯದ್ದು ಬಗ್ಗುವುದಿಲ್ಲ, ಪಕ್ಕದ ಮೆತ್ತನೆಯದ್ದೇ ಹರಿಯುತ್ತದೆ. ದಾರದ ವಿಷಯದಲ್ಲೂ ಹೀಗೆಯೇ: ನೈಲಾನ್ ದಾರ ಸವೆದ ನೂಲನ್ನು ಕೊಯ್ಯುತ್ತದೆ, ನೂಲಿನ ದಾರವೇ ಸರಿ. ಹರಿದರೆ ದಾರ ಹರಿಯಲಿ, ಬಟ್ಟೆ ಬೇಡ ಅಂತಾರೆ ದಾದಿ.

ಇಷ್ಟಾದರೂ ತೆಳು ಬಟ್ಟೆಗೆ ನಿಜವಾದ ಬಲ ಬರುವುದು ಒತ್ತಾದ ಹೊಲಿಗೆಯಿಂದ. ಬಂಗಾಳದ ಕಾಂಥಾ ಇದಕ್ಕೆ ಒಳ್ಳೆಯ ಸಾಕ್ಷಿ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತಿಗಳನ್ನೇ ಪದರ ಮಾಡಿ ಉದ್ದಗಲಕ್ಕೂ ಸಾದಾ ಹೊಲಿಗೆ ಹಾಕುತ್ತಾರೆ. ದಾರವನ್ನೂ ಹಳೆ ಸೀರೆಯ ಅಂಚಿನಿಂದ ಬಿಡಿಸಿಕೊಳ್ಳುತ್ತಿದ್ದರು. ನಮ್ಮದೇ ರಾಜ್ಯದಲ್ಲಿ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಕವಂದಿ ಹೊಲಿಯುತ್ತಾರೆ. ಅವರು ತುಂಡುಗಳನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಅಂಚಿನಿಂದ ಶುರು ಮಾಡಿ, ಒಂದೊಂದೇ ತುಂಡನ್ನು ಮಡಚಿ ತಳದ ಬಟ್ಟೆಗೆ ಸೇರಿಸಿ ಹೊಲಿಯುತ್ತಾ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಹೀಗಾಗಿ ಭಾರ ಜೋಡಣೆಯ ಮೇಲೆ ಬೀಳದೆ ತಳದ ಬಟ್ಟೆಯ ಮೇಲೆ ಹೋಗುತ್ತದೆ. ಬೇರೆ ಬೇರೆ ಗುಣದ ಬಟ್ಟೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಕಾಣಲಿಲ್ಲ.

ಈಗ ವಾಣಿಜ್ಯ ವಿದ್ಯಾರ್ಥಿಯ ಲೆಕ್ಕ. ಕೌದಿ 180 ಸೆಂ.ಮೀ. ಉದ್ದ, 120 ಸೆಂ.ಮೀ. ಅಗಲ ಎಂದುಕೊಳ್ಳಿ. ಬಟ್ಟೆ ಗಟ್ಟಿ ಇದ್ದರೆ ಎರಡು ಬೆರಳಿಗೊಂದು, ಅಂದರೆ ಸುಮಾರು 3 ಸೆಂ.ಮೀ.ಗೆ ಒಂದು ಸಾಲು ಸಾಕು. ಆಗ 40 ಸಾಲು, ಒಟ್ಟು 72 ಮೀಟರ್ ಹೊಲಿಗೆ. ತೆಳು ಬಟ್ಟೆಗೆ ಒಂದು ಬೆರಳಿಗೊಂದು, ಅಂದರೆ 1.5 ಸೆಂ.ಮೀ.ಗೆ ಒಂದು ಸಾಲು ಬೇಕು. ಆಗ 80 ಸಾಲು, 144 ಮೀಟರ್. ಅಸ್ತರು, ಕಚ್ಚಾ ಹೊಲಿಗೆ ಇದರಲ್ಲಿ ಸೇರಿಲ್ಲ. ಕಚ್ಚಾ ಸಾಮಗ್ರಿಯ ಖರ್ಚು ಸೊನ್ನೆ, ದಾರದ ಖರ್ಚು ಅಲ್ಪ, ಕೂಲಿ ಮಾತ್ರ ಎರಡು ಪಟ್ಟು. ಆದರೂ ಹೊಲಿಸುವವರು ಕೊಡುವುದು ಕೌದಿಗೆ ಇಷ್ಟು ಎಂದು ಒಂದೇ ದರ. ಗಂಟಿನಲ್ಲಿ ಎಂಥ ಬಟ್ಟೆ ಇದೆ ಎಂದು ಯಾರೂ ಕೇಳುವುದಿಲ್ಲ. ಹೆಚ್ಚಿನ 72 ಮೀಟರ್ ಖಾಲಾ ಅವರ ಬೆರಳಿನ ಖರ್ಚು, ಅದು ಯಾವ ಖಾತೆಗೂ ಏರುವುದಿಲ್ಲ. ನಾನು ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವರು ಗಂಟು ಬಿಚ್ಚಿ ನೋಡಿಯೇ ದರ ಹೇಳಲು ಶುರು ಮಾಡಿದ್ದಾರೆ. ಇಬ್ಬರು ಗಂಟು ವಾಪಸ್ ಒಯ್ದರು, ಉಳಿದವರು ಒಪ್ಪಿದರು.

ಕೌದಿ ಕೊಡುವಾಗ ಅವರು ಒಗೆಯುವ ರೀತಿಯನ್ನೂ ಹೇಳಿ ಕಳಿಸುತ್ತಾರೆ. ನೆನೆದ ಕೌದಿಯನ್ನು ಒಂದು ಮೂಲೆ ಹಿಡಿದು ಎತ್ತಿದರೆ ನೀರಿನ ಭಾರವೆಲ್ಲ ಆ ಮೂಲೆಯ ತೆಳು ಬಟ್ಟೆಗೇ ಬೀಳುತ್ತದೆ. ಬುಟ್ಟಿಯಲ್ಲಿ ಹೊತ್ತು ಒಯ್ದು, ಅಕ್ಕಪಕ್ಕದ ಎರಡು ಹಗ್ಗಗಳ ಮೇಲೆ ಹರವಿ ಒಣಗಿಸಬೇಕು.